ತಲೆ ಎಣಿಸದ ಸರ್ವರ್

ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರನ್ನು ಬಚ್ಚಿಡುವುದು ದೊಡ್ಡಮ್ಮನ ಕೆಲಸ. ಅದಕ್ಕೆಂದೇ ಊರಿನಲ್ಲಿ ಅಲ್ಲಲ್ಲಿ ಬಾಡಿಗೆಗೆ ಹಿಡಿದ ಮನೆಗಳಿದ್ದವು. ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನೋದು ಅವಳ ಕೆಲಸದವರನ್ನು ಬಿಟ್ಟರೆ ನರಪಿಳ್ಳೆಗೂ ತಿಳಿಯಬಾರದು. ಆಫೀಸು ಅಂದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆ, ಬಾಗಿಲಿಗೆ ಬೋರ್ಡಿಲ್ಲ. ಅಲ್ಲಿ ಕಂಪ್ಯೂಟರಿನ ಕಾರುಬಾರೆಲ್ಲ ತಂಗಿಯ ಮಗಳದು. ಮನೆಮಂದಿಗೆಲ್ಲ ಅವಳು ಗುಬ್ಬಿ. ಗಾತ್ರ ಗುಬ್ಬಿಯದೇ ಆದರೂ ಹಿಡಿದ ಪಟ್ಟು ಬಿಟ್ಟವಳಲ್ಲ.

ಮೊದಲು ಇವರ ಮಾತುಕತೆ, ಫೈಲು, ಯಾರು ಯಾವಾಗ ಎಲ್ಲಿಗೆ ಅನ್ನೋದೆಲ್ಲ ಒಂದು ಕಂಪನಿಯ ಆ್ಯಪಿನಲ್ಲಿ ನಡೆಯುತ್ತಿತ್ತು. ತಿಂಗಳಿಗೆ ತಲೆಗಿಷ್ಟು ಅಂತ ಚಂದಾ. ದೊಡ್ಡಮ್ಮನೋ ಮಹಾ ಕೈಬಿಗಿ. ತಿಂಗಳ ಕೊನೆ ಬಂತೆಂದರೆ ಕನ್ನಡಕ ಏರಿಸಿ ಕೂತು, ಕೆಲಸ ಬಿಟ್ಟವರು, ಬೇರೆ ಊರು ಸೇರಿದವರು, ಬರೀ ಹೆಸರಿಗಿದ್ದವರು, ಎಲ್ಲರನ್ನೂ ಒಬ್ಬೊಬ್ಬರಾಗಿ ಕಿತ್ತುಹಾಕುವಳು. ಇಲ್ಲದ ತಲೆಗೆ ನಾನ್ಯಾಕೆ ಎಣ್ಣೆ ಹಚ್ಚಲಿ ಅನ್ನುವುದು ಅವಳ ವಾದ. ಗುಬ್ಬಿಗೆ ಅದೊಂದು ತಮಾಷೆ.

ಹೀಗಿರುವಾಗ ಕಂಪನಿ ಒಂದು ಹೊಸ ಷರತ್ತು ಕಳಿಸಿತು. ಗ್ರಾಹಕರು ಬರೆದಿದ್ದನ್ನು ಬೇಕೆನಿಸಿದಾಗ ಕಂಪನಿಯ ನೌಕರರು ತೆರೆದು ನೋಡಬಹುದಂತೆ. ಗುಬ್ಬಿ ಕೆಂಡವಾದಳು. ಅಂಗಡಿ ಲೆಕ್ಕವೋ ಮದುವೆ ಫೋಟೋವೋ ಆಗಿದ್ದರೆ ಚಂದಾ ಕಟ್ಟಿ ಕಂಪನಿಗೇ ಬಿಡೋಣ, ಒಳಗಿರೋದು ಜನರ ಜೀವ ಆದಾಗ ಬೀಗದ ಕೈ ನಮ್ಮ ಹತ್ತಿರವೇ ಇರಬೇಕು ಅಂದಳು. ಕ್ಲೌಡ್‌ನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿದು, ಅದರೊಳಗೆ ತಮ್ಮದೇ ಸಾಫ್ಟ್‌ವೇರ್ ಹಾಕಿಕೊಳ್ಳುವ ದಾರಿಯನ್ನು ವಿವರಿಸಿದಳು. ದೊಡ್ಡಮ್ಮ ತಲೆ ಅಲ್ಲಾಡಿಸುತ್ತಾ ಕೇಳಿಸಿಕೊಂಡಳು.

"ಬಾಡಿಗೆ ಮನೇಲಿ ಓನರ್ ಕಾಟ, ಅದು ನಿಜ," ಅಂದಳು ಕಡೆಗೆ. "ಸ್ವಂತ ಮನೆಗೆ ಚಿಲಕ ಹಾಕೋರು ಯಾರೇ?"

"ನಾನಿಲ್ವಾ ದೊಡ್ಡಮ್ಮ?"

ಹಾಕಿದಳು ಕೂಡ, ಸುಳ್ಳು ಹೇಳಬಾರದು. ಹೊಸ ಅಪ್‌ಡೇಟ್ ಬಂದರೆ ಅವತ್ತೇ ಹಾಕುವಳು, ಬ್ಯಾಕಪ್ ಬೇರೆ ಕಡೆ ಇಡುವಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವಳು. ಹೊರಗಿನ ಕಳ್ಳ ಬೆರಳು ತೂರಿಸಲೂ ಸಂದಿಯಿರಲಿಲ್ಲ. ಮೊದಲ ತಿಂಗಳ ಕೊನೆಗೆ ದೊಡ್ಡಮ್ಮ ಅಭ್ಯಾಸಬಲದಿಂದ ಕನ್ನಡಕ ಹಾಕಿಕೊಂಡು ಬಂದಾಗ ಗುಬ್ಬಿ ನಕ್ಕುಬಿಟ್ಟಳು. ಇಲ್ಲಿ ತಲೆಗೆ ಕಾಸಿಲ್ಲ, ನೂರು ಜನ ಇದ್ದರೂ ಅದೇ ಬಾಡಿಗೆ, ನೀವು ಆರಾಮಾಗಿರಿ ಅಂದಳು. ಸದ್ಯ, ಒಂದು ರಗಳೆ ತಪ್ಪಿತು ಅಂತ ದೊಡ್ಡಮ್ಮ ಎದ್ದು ಹೋದಳು. ಅವತ್ತಿನಿಂದ ಆ ಸರ್ವರಿನಲ್ಲಿ ಎಲ್ಲರೂ ಸೇರಿದ್ದ ಗ್ರೂಪಿಗೆ ಬಂದವರುಂಟು, ಹೊರಗೆ ಹೋದವರಿಲ್ಲ.

ಆಮೇಲೊಮ್ಮೆ ಆಸರೆ ಕೇಳಿ ಬಂದವಳು ಬಟ್ಟೆ ಹೊಲಿಯುವವಳು, ಸೊಂಟದ ಮೇಲೆ ಪುಟ್ಟ ಮಗಳು. ಗಂಡ ಕಟ್ಟಡದ ಕಂಟ್ರಾಕ್ಟರು. ಕೂಗಾಡುವ ಆಸಾಮಿಯಲ್ಲ ಅವನು. ಹೆಂಡತಿ ಓಡಿಬಂದ ವಾರದಲ್ಲೇ ಕೆಳಗಿನ ಕ್ಲಿನಿಕ್ಕಿಗೆ ಬಂದು, ಸರಿಯಾಗಿದ್ದ ಹಲ್ಲು ತೋರಿಸಿ, ಮೇಲಿನ ಮನೆಯಲ್ಲಿ ಯಾರಿರ್ತಾರೆ ಅಂತ ನಯವಾಗಿ ವಿಚಾರಿಸಿ ಹೋಗಿದ್ದ. ಹಲ್ಲಿನ ಡಾಕ್ಟರು ಇದನ್ನು ಹೇಳಿದ ದಿನವೇ ದೊಡ್ಡಮ್ಮ ತಾಯಿ ಮಗಳನ್ನು ಬೇರೆ ಊರಿಗೆ ದಾಟಿಸುವ ತೀರ್ಮಾನ ಮಾಡಿದಳು. ಆ ಇಬ್ಬರ ಜೀವ ಈಗ ಇವರ ಕೈಯಲ್ಲಿತ್ತು.

ಇವರಲ್ಲಿ ಫೋನಿನಲ್ಲಿ ಏನನ್ನೂ ಮಾತಾಡುವ ಹಾಗಿಲ್ಲ. ಬೆಳಗ್ಗೆ ಗ್ರೂಪಿನಲ್ಲಿ ಮನೆ, ಹೊತ್ತು, ಅವತ್ತಿನ ಗುರುತಿನ ಮಾತು ಬರೆಯುತ್ತಾರೆ. ಗಾಡಿಯವನು ಬಂದು ಆ ಮಾತು ಹೇಳಿದರೆ ಮನೆ ನೋಡಿಕೊಳ್ಳುವವರು ಬಾಗಿಲು ತೆಗೆಯುತ್ತಾರೆ. ಯಾರ ಗಂಡ ಯಾರು ಅಂತ ಆ ಮನೆಗಳವರು ಕೇಳುವುದೂ ಇಲ್ಲ, ಇವರು ಹೇಳುವುದೂ ಇಲ್ಲ. ತಾಯಿ ಮಗಳು ಹೊರಡಬೇಕಾದ ದಿನವೂ ಗುಬ್ಬಿ ಹಾಗೇ ಬರೆದಳು. ಊಟವಾದ ಮೇಲೆ, ಡ್ರೈವರ್ ನೋಡಿದನೋ ಇಲ್ಲವೋ ಅಂತ, ಓದಿದವರ ಹೆಸರುಗಳ ಮೇಲೆ ಕಣ್ಣಾಡಿಸಿದಳು. ಡ್ರೈವರ್ ನೋಡಿದ್ದ. ಅವನ ಹೆಸರಿನ ಕೆಳಗೇ ಇನ್ನೊಬ್ಬ ಡ್ರೈವರ್ ಹೆಸರೂ ಇತ್ತು.

ಸರ್ವರ್ ಬಂದ ಮೇಲೆ, ಹೋದ ವರ್ಷ, ದೊಡ್ಡಮ್ಮನ ಹತ್ತಿರ ಬೈಸಿಕೊಂಡು, ಕಾರಿನ ಕೀಲಿ ಮೇಜಿನ ಮೇಲೆ ಎಸೆದು ಹೋದವನು ಅವನು. ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಉರಿಯುತ್ತಿತ್ತು. ಎಲ್ಲೋ ಹಳೇ ಫೋನು ಆನ್ ಆಗಿ ಉಳಿದಿರಬೇಕು ಅಂದುಕೊಂಡಳು ಗುಬ್ಬಿ. ನಿನ್ನೆಯದನ್ನು ನೋಡಿದಳು. ಮೊನ್ನೆಯದನ್ನು ನೋಡಿದಳು. ಹಿಂದೆ ಹಿಂದೆ ಹೋದಳು. ಕೆಲಸ ಬಿಟ್ಟ ದಿನದಿಂದ ಒಂದನ್ನೂ ಬಿಡದೆ ಓದಿದ್ದಾನೆ ಪುಣ್ಯಾತ್ಮ. ಕಳ್ಳ ಬಾಗಿಲು ಒಡೆದು ಬಂದಿರಲಿಲ್ಲ, ಹೊರಗೇ ಹೋಗಿರಲಿಲ್ಲ.

ಗುಬ್ಬಿ ಅವನನ್ನು ಕಿತ್ತುಹಾಕಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಇದ್ದ ನಿಯಮ ಮುರಿದು ಆ ಮನೆಗೆ ಫೋನ್ ಮಾಡಿದಳು. ಅದನ್ನು ನೋಡಿಕೊಳ್ಳುತ್ತಿದ್ದವಳು ಎಲ್ಲರೂ ಅತ್ತೆ ಅಂತ ಕರೆಯುವ ಮುದುಕಿ.

"ಅತ್ತೆ, ಯಾರು ಬಂದರೂ ಬಾಗಿಲು ತೆಗೀಬೇಡಿ."

"ಅವರು ಆಗಲೇ ಹೊರಟರಲ್ಲ ಪುಟ್ಟಿ. ಗಾಡಿ ಸ್ವಲ್ಪ ಬೇಗನೇ ಬಂತು. ನಮ್ಮ ಹಳೇ ಡ್ರೈವರೇ, ಗುರುತಿನ ಮಾತೂ ಸರಿಯಾಗಿ ಹೇಳಿದ."

ಅತ್ತೆ ತನ್ನ ಪಾಡಿಗೆ ಹೇಳುತ್ತಲೇ ಇದ್ದಳು. ಮಗು ನಿದ್ದೆಯಲ್ಲಿತ್ತಂತೆ, ಪಾಪ, ಅವನೇ ಎತ್ತಿಕೊಂಡು ಹೋಗಿ ಸೀಟಿನ ಮೇಲೆ ಮಲಗಿಸಿದನಂತೆ. ಗಾಡಿಯೂ ಹೊಸದಂತೆ.

"ಈಗ ಚೆನ್ನಾಗಿದ್ದಾನೆ ಕಣಮ್ಮ. ನಿಮ್ಮ ಕೆಲಸ ಅಪರೂಪಕ್ಕಂತೆ, ಉಳಿದ ದಿನ ಯಾರೋ ಕಂಟ್ರಾಕ್ಟರ್ ಹತ್ತಿರ ಓಡಿಸ್ತಾನಂತೆ."

ಪಕ್ಕದಲ್ಲೇ ನಿಂತು ಫೋನಿನ ಮಾತು ಕೇಳಿಸಿಕೊಂಡ ದೊಡ್ಡಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗುಬ್ಬಿಯ ಮುಖ ನೋಡಿದವಳೇ ಪೊಲೀಸರಿಗೆ ಫೋನ್ ಹಚ್ಚಿ, ಬರಿಗಾಲಲ್ಲೇ ಮೆಟ್ಟಿಲು ಇಳಿದು ಓಡಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಗುಬ್ಬಿಗೆ ಅಳುವಾದರೂ ಬರುತ್ತಿತ್ತು. ಅವಳು ಫೋನ್ ಹಿಡಿದು ಹಾಗೇ ನಿಂತಿರುವಾಗ ಗ್ರೂಪಿನಲ್ಲಿ ಈಗಿನ ಡ್ರೈವರನ ಸಂದೇಶ ಬಂತು. ಗಾಡಿ ಬಾಗಿಲ ಮುಂದೆ ನಿಂತಿದೆ, ತಾಯಿ ಮಗಳನ್ನ ಕಳಿಸಿ ಅಂತ ಬರೆದಿದ್ದ.