ಕಂಪನಿ ಉಷಾರಾಣಿ

"ಅದನ್ನ ಡಿಲೀಟ್ ಮಾಡ್ಬೇಡ ದಿಯಾ, ಇರಲಿ," ಎಂದು ಡಾಕ್ಟರ್ ಚಂದ್ರಮೋಹನ ಮೊಮ್ಮಗಳ ಲ್ಯಾಪ್‌ಟಾಪಿಗೆ ಅಡ್ಡ ಕೈ ಹಿಡಿದರು.

"ಆರ್ ಯೂ ಶೂರ್, ತಾತ?"

ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಊರಿನ ಫ್ಯೂನರಲ್ ಹೋಮಿನಲ್ಲಿ, ರೇಷ್ಮೆ ಸೀರೆಯುಟ್ಟ ಅವರ ಹೆಂಡತಿ ಉಷಾರಾಣಿ ಪೆಟ್ಟಿಗೆಯಲ್ಲಿ ಮಲಗಿದ್ದರು. ಗೋಡೆಯ ಟಿವಿಯಲ್ಲಿ ತೋರಿಸಬೇಕಾದ ಫೋಟೋಗಳಲ್ಲಿ ಒಂದಕ್ಕೆ ಮಾತ್ರ ತಕರಾರು: ನಾಟಕ ಕಂಪನಿಯ ಪರದೆಯ ಮುಂದೆ, ಸೊಂಟದ ಮೇಲೆ ಕೈಯಿಟ್ಟು ಕಣ್ಣು ಹೊಡೆಯುತ್ತಿದ್ದ ಇಪ್ಪತ್ತರ ಉಷಾರಾಣಿ.

"ಬಂದಿರೋರೆಲ್ಲ ದೊಡ್ಡ ಜನ ಡಾಕ್ಟ್ರೇ," ಎಂದು ನೀರಜಾ ಪಿಸುಗುಟ್ಟಿದರು. ಇವತ್ತಿನ ಏರ್ಪಾಡೆಲ್ಲ ಅವರದೇ. ಡಲ್ಲಾಸಿನ ಕನ್ನಡ ಡಾಕ್ಟರುಗಳ ಬಳಗಕ್ಕೆ ಯಾರು ಸಲ್ಲಬೇಕು, ಯಾರು ಸಲ್ಲಬಾರದು ಎಂಬ ತೀರ್ಪೂ ಅವರದೇ. "ಭರತನಾಟ್ಯ ಕಲಿತೋರು ಅಂತ ಎಲ್ಲರಿಗೂ ಹೇಳಿಟ್ಟಿದೀನಿ."

"ಹೇಳಿದ್ದು ನೀವು, ಅವಳಲ್ಲ. ಆ ಸುಳ್ಳು ಹೊದಿಸಿ ಅವಳನ್ನ ಸುಡೋಕೆ ನಾನು ಬಿಡಲ್ಲ."

* * *

ಎರಡು ವರ್ಷದ ಹಿಂದೆ ಅಲ್ಲೇ ಹತ್ತಿರದ ರಿಚರ್ಡ್‌ಸನ್ ಊರಿನ ಲೈಬ್ರರಿಯಲ್ಲಿ ಹಳೆಯ ಮೂಕಿಚಿತ್ರವೊಂದನ್ನು ಹಾಕಿದ್ದರು. ಕುಣಿಯುವ ಹುಡುಗಿಯೊಬ್ಬಳು ಶ್ರೀಮಂತನ ಕೈ ಹಿಡಿದು ಬಂಗಲೆಗೆ ಕಾಲಿಡುತ್ತಾಳೆ. ಮುತ್ತಿನ ಸರದ ಹೆಂಗಸೊಬ್ಬಳು ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ಏನೋ ಹೇಳುವಂತೆ ಬಾಯಾಡಿಸುತ್ತಾಳೆ. ಸದ್ದಿಲ್ಲ. ಆ ಬಾಯಿಗೆ ಸದ್ದು ಕೊಟ್ಟವರು ಉಷಾರಾಣಿ, ಮೂಗಿನಲ್ಲಿ:

"ಅಯ್ಯೋ ಪಾಪ, ನಿಮ್ಮ ಕಂಪ್ನೀಲಿ ಫೋರ್ಕ್ ಕೊಡ್ತಿದ್ರೇನಮ್ಮಾ?"

ಕನ್ನಡದವರ ಸಾಲಿಗೆ ಸಾಲೇ ನಕ್ಕು ಬಗ್ಗಿತು. ನೀರಜಾ ಒಬ್ಬರೇ ಕತ್ತು ನೆಟ್ಟಗಿಟ್ಟುಕೊಂಡು ಕೂತಿದ್ದರು. ಉಷಾರಾಣಿ ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ ನೀರಜಾ ಆಡಿದ್ದ ಮಾತು ಅದು.

* * *

ಫೋಟೋ ಟಿವಿಗೆ ಬಂತು. ಕೋಣೆಯಲ್ಲಿ ಒಂದೆರಡು ಕೆಮ್ಮು. ಚಂದ್ರಮೋಹನ ಎದ್ದು ನಿಂತರು.

"ಉಷಾ ನಾಟಕ ಕಂಪ್ನೀಲಿ ಕುಣೀತಿದ್ಲು. ಕಂಪ್ನಿ ಮೈಸೂರಲ್ಲಿ ಕ್ಯಾಂಪ್ ಹಾಕಿದಾಗ, ನಾನು ಅನಾಟಮಿ ಕ್ಲಾಸಿಗೆ ಚಕ್ಕರ್ ಹೊಡೆದು ನೋಡ್ತಿದ್ದೆ. ಇಲ್ಲಿ ನಿಮ್ಮನ್ನೆಲ್ಲ ಮಿಮಿಕ್ರಿ ಮಾಡ್ತಿದ್ಲು. ಹೇಗೆ ಅಂದ್ರೆ..." ಮೂಗು ಹಿಡಿದರು. "ಅಯ್ಯೋ ಪಾಪ, ನಿಮ್ಮ ಕಂಪ್ನೀಲಿ..."

ಯಾರೂ ನಗಲಿಲ್ಲ. ಅವರು ಬಿಡಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಅಲ್ಲೇ ನಿಂತರು. ಮೂರನೆಯ ಸಲಕ್ಕೆ ಬಾಯಿ ತೆರೆದಾಗ ನೀರಜಾ ಎದ್ದರು.

"ಥೂ, ಹಾಗಲ್ಲ ಡಾಕ್ಟ್ರೇ! ಅಷ್ಟು ಮೆತ್ತಗೆ ಎಲ್ಲಿ ಮಾಡ್ತಿದ್ಲು? ಆ ಲೈಬ್ರರಿ ಸಿನಿಮಾ ಆದ್ಮೇಲೆ ನನ್ನ ಕಿಚನ್ನಲ್ಲಿ ಎಷ್ಟು ಸಲ ಮಾಡ್ಸಿದೀನಿ ಅವಳ ಕೈಲಿ!"

ಪೆಟ್ಟಿಗೆಯ ಪಕ್ಕಕ್ಕೆ ಬಂದು, ಗಲ್ಲ ಎತ್ತಿ, ಕೊರಳಲ್ಲಿಲ್ಲದ ಸರವನ್ನು ಸರಿಪಡಿಸಿಕೊಂಡು, ಉಷಾರಾಣಿ ತಮ್ಮನ್ನು ಅಣಕಿಸುತ್ತಿದ್ದಂತೆಯೇ ತಮ್ಮನ್ನು ತಾವೇ ಅಣಕಿಸಿದರು: "ನಿಮ್ಮ ಕಂಪ್ನೀಲಿ ಫೋರ್ರ್ಕ್ ಕೊಡ್ತಿದ್ರೇನಮ್ಮಾ?"

ಮೊದಲು ದಿಯಾ ಕಿಸಕ್ಕೆಂದಳು, ಆಮೇಲೆ ಹಿಂದಿನ ಸಾಲು, ಆಮೇಲೆ ಕೋಣೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನೀರಜಾ, ಬೀಳದ ಹಾಗೆ ಎರಡೂ ಕೈಯಲ್ಲಿ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡು.