ನಕಲು ಮಾಡಿದ ಧೈರ್ಯ

ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಆ ಹುಡುಗಿಗೆ ತರಗತಿಯವರು ಇಟ್ಟ ಹೆಸರು ರೇಡಿಯೊ. ಬಾಯಿಗೆ ಬಿಡುವೆಂಬುದೇ ಇಲ್ಲ. ಅಂಥವಳು ಆ ಬೆಳಗ್ಗೆ ಮಕ್ಕಳ ವಾರ್ಡಿನ ಔಷಧದ ಕೋಣೆಯಲ್ಲಿ ತುಟಿ ಪಿಟಕ್ಕೆನ್ನದೆ ನಿಂತಿದ್ದಳು. ಹತ್ತು ಗಂಟೆಗೆ ಮೂರನೇ ಮಂಚದ ಮಗುವಿಗೆ ಇಂಜೆಕ್ಷನ್ ಕೊಡಬೇಕು. ಒಬ್ಬಳೇ ಕೊಡಬೇಕು. ಗಡಿಯಾರದಲ್ಲಿ ಆಗಲೇ ಒಂಬತ್ತೂವರೆ.

ಡಾಕ್ಟರು ಇಪ್ಪತ್ತನಾಲ್ಕು ಮಿಲಿಗ್ರಾಂ ಎಂದು ಬರೆದಿದ್ದರು. ಶೀಶೆಯ ಮೇಲೆ, ಒಂದು ಎಂ.ಎಲ್.ಗೆ ನಲವತ್ತು ಮಿಲಿಗ್ರಾಂ ಎಂದಿತ್ತು. ಹಾಗಾದರೆ ಸಿರಿಂಜಿಗೆ ಎಳೆಯಬೇಕಾದದ್ದೆಷ್ಟು? ಒಂದು ರೀತಿ ಭಾಗಿಸಿದರೆ ಅರ್ಧ ಎಂ.ಎಲ್.ಗಿಂತ ಚೂರು ಹೆಚ್ಚು. ತಿರುಗಿಸಿ ಭಾಗಿಸಿದರೆ ಒಂದೂವರೆ ದಾಟುತ್ತದೆ. ಅಂಗೈ ಮೇಲೆ ಪೆನ್ನಿನಲ್ಲಿ ನಾಲ್ಕು ಸಲ ಲೆಕ್ಕ ಹಾಕಿದಳು. ಎರಡು ಸಲ ಆ ಉತ್ತರ, ಎರಡು ಸಲ ಈ ಉತ್ತರ. ಐದನೇ ಕ್ಲಾಸಿನ ಲೆಕ್ಕ ಎಂದು ನಗಬೇಡಿ. ಹೆದರಿ ಕೈಕಾಲು ತಣ್ಣಗಾದವಳಿಗೆ ತನ್ನ ಹೆಸರೇ ನೆನಪಿರಲಿಲ್ಲ, ಇನ್ನು ಭಾಗಾಕಾರದ ಮಾತೆಲ್ಲಿ ಬಂತು!

ಒಬ್ಬಳೇ ಯಾಕೆ ಅಂದಿರಾ? ಅದು ಅವಳೇ ಮಾಡಿಕೊಂಡದ್ದು. ಪ್ರತಿ ಶುಕ್ರವಾರ ವಿದ್ಯಾರ್ಥಿಗಳೆಲ್ಲ ಒಂದು ಡೈರಿ ಬರೆದುಕೊಡಬೇಕಿತ್ತು. ಈ ವಾರ ಏನು ಕಲಿತೆ, ಏನು ಇನ್ನೂ ಬರುವುದಿಲ್ಲ, ಅದನ್ನು ಹೇಗೆ ಕಲಿಯುತ್ತೇನೆ. ಅಂಕ ಗಿಂಕ ಏನೂ ಇಲ್ಲ. 'ಬರುವುದಿಲ್ಲ' ಎಂದು ಬರೆದವರ ಪಕ್ಕದಲ್ಲಿ, ವಾರ್ಡಿನಲ್ಲಿ ಕೆಲಸ ಕಲಿಸುವ ಮೇಡಂ ತಾವೇ ನಿಲ್ಲುತ್ತಿದ್ದರು. 'ಈಗ ಬರುತ್ತದೆ' ಎಂದವರನ್ನು ಒಬ್ಬರೇ ಬಿಡುತ್ತಿದ್ದರು. ಇವಳಿಗೆ ಅದೆಲ್ಲ ಸುಮ್ಮನೆ ತಲೆನೋವು. ಇದೇ ಕಾಲೇಜಿನಲ್ಲಿ ಓದಿದ ಅಕ್ಕನ ಹಳೇ ಡೈರಿ ಅಟ್ಟದ ಮೇಲಿತ್ತು. ಧೂಳು ಕೊಡವಿ, ವಾರವಾರವೂ ಅಕ್ಷರ ಬಿಡದೆ ಇಳಿಸಿಕೊಟ್ಟಳು. ಹೋದ ಶುಕ್ರವಾರದ ಪುಟದಲ್ಲಿ ಹೀಗಿತ್ತು: 'ಮಕ್ಕಳ ಔಷಧದ ಅಳತೆಯಲ್ಲಿ ತಪ್ಪುತ್ತಿದ್ದೆ. ಎಲ್ಲಿ ತಪ್ಪುತ್ತೇನೆಂದು ಕಂಡುಕೊಂಡೆ. ಈಗ ಭಯವಿಲ್ಲ.' ಮೇಡಂ ಓದಿ ಬೆನ್ನು ತಟ್ಟಿದ್ದರು.

ನಿಜ ಹೇಳಿದರೆ ಕಾಲೇಜಿನಿಂದ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ಮಗುವಿನ ಗತಿ? ಅಕ್ಕ ಇದೇ ಆಸ್ಪತ್ರೆಯಲ್ಲಿ, ಮೇಲಿನ ಮಹಡಿಯ ದೊಡ್ಡವರ ವಾರ್ಡಿನಲ್ಲಿ ಆರು ವರ್ಷದಿಂದ ನರ್ಸು. ರೇಡಿಯೊ ಎರಡೆರಡು ಮೆಟ್ಟಿಲು ಹಾರಿ ಅಲ್ಲಿಗೆ ಓಡಿದಳು. ಅಕ್ಕನನ್ನು ಮೂಲೆಗೆಳೆದು, ನಿನ್ನ ಡೈರಿಯಲ್ಲಿ ಬರೆದಿದ್ದೀಯಲ್ಲ, ಆ ಲೆಕ್ಕ ಹೇಗೆ ಮಾಡುವುದೆಂದು ಕೇಳಿದಳು.

ಅಕ್ಕನ ಮುಖದ ಬಣ್ಣ ಇಳಿಯಿತು. ಅತ್ತಿತ್ತ ನೋಡಿ, ಪಿಸುಗುಟ್ಟಿದಳು.

"ಅದು ನಾನ್ ಬರ್ದಿದ್ದಲ್ಲ ಕಣೇ. ನಮ್ಮ ಸೀನಿಯರ್ ಡೈರಿ ನೋಡಿ ಇಳಿಸಿದ್ದು. ಅವಳು ಯಾರದ್ದು ನೋಡಿದ್ಲೋ."

ಮತ್ತೆ ಆರು ವರ್ಷ ಹೇಗೆ ತಳ್ಳಿದೆ ಎಂದು ತಂಗಿ ಕೇಳಿದಳು. ದೊಡ್ಡವರ ವಾರ್ಡಿನಲ್ಲಿ ಹೆಚ್ಚಾಗಿ ಪೂರ್ತಿ ಶೀಶೆಯೇ, ಲೆಕ್ಕವೇ ಬರುವುದಿಲ್ಲ ಎಂದಳು ಅಕ್ಕ. ಗೊತ್ತಾಗದಿದ್ದರೆ ಪಕ್ಕದ ಮಂಚದವರಿಗೆ ಎಷ್ಟು ಕೊಟ್ಟಿದ್ದಾರೆಂದು ನೋಡಿ ಅಷ್ಟೇ ಕೊಡುತ್ತಾಳಂತೆ. ನೀನೂ ಹಾಗೇ ಮಾಡು, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದಳು. ಆಮೇಲೆ ತಂಗಿಯ ಮಣಿಕಟ್ಟು ಹಿಡಿದುಕೊಂಡು, "ಸೋಮವಾರದಿಂದ ನನ್ನನ್ನೂ ಮಕ್ಕಳ ವಾರ್ಡಿಗೆ ಹಾಕಿದಾರೆ ಕಣೇ" ಎಂದಳು.

ರೇಡಿಯೊ ಕೆಳಗಿಳಿದು ಬಂದು ನಾಲ್ಕನೇ ಮಂಚದ ಹಾಳೆ ನೋಡಿದಳು. ಅದೇ ಔಷಧ, ಒಂದೂವರೆ ಎಂ.ಎಲ್. ಸದ್ಯ, ಬದುಕಿದೆ ಎಂದುಕೊಂಡು ಸಿರಿಂಜಿಗೆ ಅಷ್ಟೇ ಎಳೆದಳು. ನಾಲ್ಕನೇ ಮಂಚದಲ್ಲಿದ್ದದ್ದು ಹನ್ನೆರಡು ವರ್ಷದ ಹುಡುಗಿ ಎಂಬುದು ಆ ಗಾಬರಿಯಲ್ಲಿ ಅವಳ ಕಣ್ಣಿಗೇ ಬೀಳಲಿಲ್ಲ.

ಮೂರನೇ ಮಂಚದ ಮಗು ತಾಯಿಯ ತೊಡೆಯ ಮೇಲಿತ್ತು. ಇನ್ನೂ ಒಂದು ವರ್ಷ ತುಂಬಿಲ್ಲ. ತಾಯಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಬಿಳಿ ಕೋಟು ಕಂಡೊಡನೆ ಮಗುವಿನ ಪುಟ್ಟ ಕೈಯನ್ನು ತಾನೇ ಮುಂದೆ ಹಿಡಿದಳು. ಅಷ್ಟೊಂದು ನಂಬಿಕೆ ಕಂಡು ರೇಡಿಯೊಗೆ ಜೀವ ಬಾಯಿಗೆ ಬಂತು. ಸಿರಿಂಜನ್ನು ಟ್ರೇಯಲ್ಲಿ ಶೀಶೆಯ ಪಕ್ಕಕ್ಕಿಟ್ಟು, ಟ್ರೇಯ ಸಮೇತ ಮೇಡಂ ಕೋಣೆಗೆ ನಡೆದಳು.

"ನಂಗೆ ಈ ಲೆಕ್ಕ ಬರಲ್ಲ ಮೇಡಂ. ಡೈರಿ ನಾನ್ ಬರ್ದಿದ್ದಲ್ಲ."

ಮೇಡಂ ಬೈಯಲಿಲ್ಲ. ಶೀಶೆಯನ್ನು ಅವಳ ಕೈಗೇ ಕೊಟ್ಟರು.

"ಒಂದು ಎಂ.ಎಲ್.ನಲ್ಲಿ ನಲವತ್ತಿದೆ. ನಿಂಗೆ ಬೇಕಾಗಿರೋದು ಅದಕ್ಕಿಂತ ಜಾಸ್ತಿನಾ, ಕಮ್ಮಿನಾ?"

"ಕಮ್ಮಿ."

"ಹಾಗಾದ್ರೆ ಒಂದು ಎಂ.ಎಲ್.ಗಿಂತ?"

ರೇಡಿಯೊ ಟ್ರೇಯಲ್ಲಿದ್ದ ಸಿರಿಂಜನ್ನು ನೋಡಿದಳು. ಒಂದೂವರೆ. ಅದನ್ನು ತಟಕ್ಕನೆ ಎತ್ತಿ ಮೇಡಂ ಕೈಗೆ ಕೊಟ್ಟಳು. ಮೇಡಂ ಆ ಸಿರಿಂಜನ್ನು ಖಾಲಿ ಮಾಡಿ, ಹೊಸದಕ್ಕೆ ಪಾಯಿಂಟ್ ಆರು ಎಂ.ಎಲ್. ಎಳೆಸಿ, ಅವಳ ಜೊತೆಯಲ್ಲೇ ನಿಂತು ಮಗುವಿಗೆ ಕೊಡಿಸಿದರು.

ಕೋಣೆಗೆ ಮರಳಿದ ಮೇಲೆ ಅವಳ ಡೈರಿಯನ್ನು ಮೇಜಿನ ಮೇಲಿಟ್ಟು, ಇದನ್ನು ಯಾರದು ನೋಡಿ ಇಳಿಸಿದೆ ಎಂದು ಕೇಳಿದರು.

ಅಕ್ಕನ ಸಂಬಳದಲ್ಲೇ ಇವಳ ಓದು ನಡೆಯುತ್ತಿತ್ತು. ಬಾಯಿ ಬಿಡಬೇಡ ಎಂದಿದ್ದಳಲ್ಲ, ಆ ಕೈಯ ಹಿಡಿತ ಇನ್ನೂ ಇವಳ ಮಣಿಕಟ್ಟಿನಲ್ಲೇ ಇತ್ತು. ಹೇಳಿದರೆ ಅಕ್ಕನ ಕೆಲಸ ಹೋಗಬಹುದು. ಸೋಮವಾರಕ್ಕೆ ಇನ್ನು ಮೂರು ದಿನ.

"ನಮ್ಮಕ್ಕಂದು ಮೇಡಂ. ಅವಳಿಗೂ ಬರಲ್ಲ. ಸೋಮವಾರ ಇದೇ ವಾರ್ಡಿಗೆ ಬರ್ತಾಳೆ." ಡೈರಿಯನ್ನು ಮೇಡಂ ಕಡೆಗೆ ಸರಿಸಿದಳು. "ಬೈಬೇಡಿ ಅವಳಿಗೆ. ಅವಳಿಗೆ ನನಗಿಂತ ಜಾಸ್ತಿ ಭಯ. ಆರು ವರ್ಷದಿಂದ."