ಮಣ್ಣಿಗೆ ಹೋದವರು

ರಬಕವಿಯಿಂದ ದಿಲ್ಲಿ ನೋಡಲು ಹೊರಟ ಅಷ್ಟೂ ಜನರಲ್ಲಿ ತಂಗೆವ್ವ ಒಬ್ಬಳಿಗೇ ದಿಲ್ಲಿ ನೋಡುವ ಆಸೆ ಇರಲಿಲ್ಲ. ಅವಳು ಮಗನ ಮಣ್ಣಿಗೆ ಹೊರಟಿದ್ದಳು.

ಮಗ ರಾಹುಲ ಸೈನ್ಯದಲ್ಲಿದ್ದ. ನಾಲ್ಕು ವರ್ಷದ ಹಿಂದೆ ಗಡಿಯ ಬೆಟ್ಟದಲ್ಲಿ ಹಿಮ ಕುಸಿದು ಅದರಡಿ ಸಿಕ್ಕಿಬಿದ್ದ. ಮನೆಗೆ ಬಂದದ್ದು ಅವನ ಟ್ರಂಕು ಮಾತ್ರ. ವರ್ಷ ಕಳೆದ ಮೇಲೆ ದಿಲ್ಲಿಯ ಯೋಧರ ಸ್ಮಾರಕದಲ್ಲಿ ಅವನ ಹೆಸರು ಕೆತ್ತಿದ್ದಾರೆಂಬ ಸುದ್ದಿ ಬಂತು. ಈ ನೇಕಾರರ ಓಣಿಯಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಮೇಲೆ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಬರಿ ನೆಲದ ಮೇಲೆ ಯಾರಾದರೂ ಹೆಸರಿನ ಕಲ್ಲು ಇಡುತ್ತಾರೆಯೇ? ಕಲ್ಲಿದೆ ಅಂದಮೇಲೆ ಕೆಳಗೆ ಮನುಷ್ಯ ಕೂತಿರಲೇಬೇಕು. ತಂಗೆವ್ವ ಹಾಗೆಂದೇ ತಿಳಿದಳು.

"ನೋಡ್ರಿ, ಸರಕಾರದವ್ರು ಕಡಿಗೂ ನಮ್ಮ ಹುಡುಗನ್ನ ಹುಡುಕಿ ತಗದಾರ. ದಿಲ್ಲ್ಯಾಗ ಮಣ್ಣ ಮಾಡ್ಯಾರ," ಎಂದಳು ಗಂಡನಿಗೆ.

ನಿಂಗಣ್ಣ ಮಗ್ಗದಲ್ಲಿ ಹರಿದ ಎಳೆ ಗಂಟು ಹಾಕುತ್ತಿದ್ದ. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಂದು ಎಷ್ಟೋ ದಿನದ ಮೇಲೆ ತಂಗೆವ್ವ ಹೊಟ್ಟೆ ತುಂಬ ರೊಟ್ಟಿ ತಿಂದಳು.

ಉಳಿದಿದ್ದ ಕೊರಗು ಒಂದೇ. ಹೂಳುವಾಗ ರಕ್ತಸಂಬಂಧಿಗಳೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ರಾಹುಲನಿಗೆ ಹೆತ್ತ ತಾಯಿಯ ಮಣ್ಣೇ ಬಿದ್ದಿಲ್ಲ. ಅದಕ್ಕೆಂದೇ ಅವಳು ಮಾವನ ಗದ್ದುಗೆಯ ಪಕ್ಕದ ಮಣ್ಣನ್ನು ಅರಿವೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ರೈಲು ಹತ್ತಿದ್ದಳು. ಗಂಡನೂ, ಜಮಖಂಡಿ ಕಾಲೇಜಿಗೆ ಹೋಗುವ ಮಗಳು ಸ್ನೇಹಾಳೂ ಜೊತೆಗಿದ್ದರು.

ದಿಲ್ಲಿಯಲ್ಲಿ ಹಾಳು ಚಳಿ. ರಬಕವಿಯ ಮಂದಿಗೆ ಕೆಂಪು ಕೋಟೆ ತೋರಿಸಿದರೂ ಕಣ್ಣು ಹೋಗುವುದು ಹೊರಗೆ ಮಾರುವ ಸೀರೆಯ ಸೆರಗಿಗೇ. ಇದು ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ಅಲ್ಲೇ ನಿಂತು ವಾದ ಹೂಡಿದರು. ತಂಗೆವ್ವ ಮಾತ್ರ ಹೋದಲ್ಲೆಲ್ಲ ಒಂದೇ ಕೇಳುತ್ತಿದ್ದಳು: "ಇಲ್ಲಿ ಕೆಳಗ ಯಾರದಾರ?"

ಹುಮಾಯೂನನ ಗೋರಿಯಲ್ಲಿ ಸ್ನೇಹಾ, "ಮ್ಯಾಲಿಂದು ಬರೇ ಗುರ್ತಿನ ಕಲ್ಲು ಬೇ. ಬಾದಶಹಾ ಖರೆ ಅಂದ್ರ ಕೆಳಗ ಮಣ್ಣಾಗ ಅದಾನ," ಎಂದಳು. ತಂಗೆವ್ವ ಆ ಗುಮ್ಮಟವನ್ನು ಕತ್ತೆತ್ತಿ ನೋಡಿದಳು. ಪ್ರಯಾಣದಲ್ಲಿ ಮೊದಲ ಸಲ ಅವಳ ಮುಖ ಅರಳಿತು.

"ನಮ್ಮ ರಾಹುಲ ಅರಸರ ಓಣ್ಯಾಗ ಅದಾನ ಬಿಡು," ಎಂದಳು.

ನಿಂಗಣ್ಣ ಚಪ್ಪಲಿ ಹುಡುಕುವ ನೆಪ ಮಾಡಿ ಆ ಕಡೆ ಹೋದ. ಆಗಲೇ ಹೇಳಬಹುದಿತ್ತು.

ಯೋಧರ ಸ್ಮಾರಕದ ಬಾಗಿಲಲ್ಲಿ ಕಾವಲಿನವನು ಗಂಟು ಬಿಚ್ಚಿಸಿದ. ಸ್ನೇಹಾ ತನಗೆ ಬಂದಷ್ಟು ಹಿಂದಿಯಲ್ಲಿ ಅಣ್ಣನ ವಿಷಯ ಹೇಳಿದಳು. ಅವನು ಮಣ್ಣನ್ನು ಮತ್ತೆ ಕಟ್ಟಿ ತಂಗೆವ್ವನ ಕೈಗೇ ಕೊಟ್ಟ. ಒಳಗೆ ಸುತ್ತಲೂ ಗೋಡೆಗಳು, ಗೋಡೆ ತುಂಬ ಕಲ್ಲುಗಳು, ಒಂದೊಂದರ ಮೇಲೆ ಒಂದೊಂದು ಹೆಸರು. ಹುಡುಕಿ ಹುಡುಕಿ ಸ್ನೇಹಾ ಒಂದು ಕಡೆ ನಿಂತಳು. "ಅವ್ವಾ, ಇಲ್ಲೈತಿ," ಎಂದವಳೇ ಬಿಕ್ಕಿದಳು.

ತಂಗೆವ್ವ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಬಗ್ಗಿ ನೆಲ ನೋಡಿದಳು. ನುಣ್ಣಗೆ ಹಾಸಿದ ಕಲ್ಲು. ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡವನ್ನು ಅಂಗೈಯಿಂದ ತಡವಿದಳು. ಒಂದು ಹಿಡಿ ಮಣ್ಣು ಹಾಕುವಷ್ಟು ಸಂದೂ ಇರಲಿಲ್ಲ.

"ಎಲ್ಲಿ ಅದಾನ್ರಿ ಇವ?" ಎಂದಳು. "ಇಷ್ಟ ಮಂದಿನ್ನ ಗ್ವಾಡ್ಯಾಗ ಹ್ಯಾಂಗ ಕುಂದರಿಸ್ಯಾರ?"

ನಿಂಗಣ್ಣ ಅವಳ ಪಕ್ಕದಲ್ಲೇ ಕುಸಿದು ಕೂತ. "ಇಲ್ಲಿ ಯಾರೂ ಇಲ್ಲ. ಬರೇ ಹೆಸರು ಅಷ್ಟ."

"ಮತ್ತ ಹುಡುಗ?"

"ಸಿಗಲೇ ಇಲ್ಲ. ಇನ್ನೂ ಆ ಬೆಟ್ಟದ ಬರಫದಾಗ ಅದಾನ. ನೀ ಹಂಗ ತಿಳಕೊಂಡಿ, ನಾ ಅಲ್ಲ ಅನಲಿಲ್ಲ. ನೀ ಉಣ್ಣಾಕತ್ತಿದ್ದಿ."

ತಂಗೆವ್ವ ಅಳಲಿಲ್ಲ, ಗಂಡನನ್ನು ಬೈಯಲೂ ಇಲ್ಲ. ಬೈದಿದ್ದರೆ ನಿಂಗಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು. ಗಂಟು ಬಿಚ್ಚಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಳು. ಎಲ್ಲಿ ಹಾಕಬೇಕೆಂದು ತೋಚಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಹಾಕು ಎಂದು ನಿಂಗಣ್ಣ ಕೈ ತೋರಿದ.

"ಯಾರ ಮ್ಯಾಲ ಹಾಕಲಿ?" ಎಂದಳು.

ಕುತುಬ್ ಮಿನಾರಿಗೆ ಹೊತ್ತಾಯಿತೆಂದು ಯಾತ್ರೆಯವರು ದೂರದಿಂದ ಕೂಗುತ್ತಿದ್ದರು. ಮಗಳು ತನ್ನ ಶಾಲು ತೆಗೆದು ತಾಯಿಗೆ ಹೊದಿಸಿದಳು. ತಂಗೆವ್ವನ ಹಲ್ಲು ಕಟಕಟ ಅನ್ನುತ್ತಿದ್ದವು.

"ಅಲ್ಲಿ ಇದಕ್ಕಿಂತ ಥಂಡಿ ಇರತೈತೇನ್ರಿ?"

ಈ ಸಲ ನಿಂಗಣ್ಣ ಸುಮ್ಮನಿರಲಿಲ್ಲ. "ಭಾಳ ಇರತೈತಿ," ಎಂದ.

ತಂಗೆವ್ವ ಹೆಗಲ ಮೇಲಿನ ಶಾಲನ್ನು ನೋಡಿಕೊಂಡಳು.

"ಅಂವ ಬೆಚ್ಚಗ ಮಣ್ಣಾಗ ಅದಾನಂತ ತಿಳಕೊಂಡು," ಎಂದಳು, "ನಾ ಇಷ್ಟ ವರ್ಷ ನಿಶ್ಚಿಂತಿ ನಿದ್ದಿ ಮಾಡೀನಲ್ರಿ."